ಬ್ಯಾಡಗಿ ಮೆಣಸಿನಕಾಯಿ ಗೋದಾಮುಗಳಲ್ಲಿ ಬಾಲಕಾರ್ಮಿಕರ ತಪಾಸಣೆಗೆ ಹೋಗುವವರ ಗಮನಕ್ಕೆ

ಹಾಜರಿ ಪುಸ್ತಕವೊಂದನ್ನೇ ನೋಡಿ ಬರಬೇಡಿ. ಮೆಣಸಿನಕಾಯಿ ತೊಟ್ಟು ಬಿಡಿಸುವ ಕೂಲಿ ಕಿಲೋ ಲೆಕ್ಕದ್ದು. ಮಗು ಬಿಡಿಸಿದ್ದೂ ತಾಯಿಯ ಚೀಟಿಗೇ ಸೇರುತ್ತದೆ, ಹೆಸರು ಎಲ್ಲೂ ಬರುವುದಿಲ್ಲ. ತೂಕದ ಚೀಟಿ ಕೇಳಿ. ಪಕ್ಕದವರಿಗಿಂತ ಒಬ್ಬಾಕೆಯದು ದುಪ್ಪಟ್ಟಿದ್ದರೆ ಅಲ್ಲಿ ನಿಂತು ವಿಚಾರಿಸಿ (ಕೈ ಚುರುಕಿನವರೂ ಇರುತ್ತಾರೆ, ಅದೊಂದೇ ಸಾಕ್ಷಿಯಲ್ಲ). ಮೊದಲೇ ತಿಳಿಸಿ ಹೋದರೆ ಮಕ್ಕಳು ಹಿಂಬಾಗಿಲಿಂದ ದಾಟಿರುತ್ತಾರೆ. ಚೀಲಗಳ ಸಂದಿಯಲ್ಲಿ ಪುಟ್ಟ ಚಪ್ಪಲಿ ಉಳಿದಿರುತ್ತದೆ, ನೋಡಿ.

‘ಮನೆಯವರಿಗೆ ಸಹಾಯ ಮಾಡ್ತಾವ್ರೀ’ ಎಂಬ ಮಾತು ನಡೆಯದು. ಬಾಲಕಾರ್ಮಿಕ ಕಾಯ್ದೆಯ 2016ರ ತಿದ್ದುಪಡಿಯ ವಿನಾಯಿತಿ ಕುಟುಂಬದ ಸ್ವಂತ ಉದ್ಯೋಗಕ್ಕೆ, ಅದೂ ಶಾಲೆಯ ಸಮಯ ಮುಗಿದ ಮೇಲೆ ಇಲ್ಲವೇ ರಜೆಯಲ್ಲಿ, ಸಾವಕಾರರ ಗೋದಾಮಿಗಲ್ಲ.

ವಯಸ್ಸಿಗೆ ಬಾಲನ್ಯಾಯ ಕಾಯ್ದೆ ಹೇಳುವ ಕ್ರಮ ಇದು. ಮೊದಲು ಶಾಲಾ ದಾಖಲೆ, ಇಲ್ಲವಾದರೆ ಜನನ ಪ್ರಮಾಣಪತ್ರ, ಎರಡೂ ಸಿಗದಿದ್ದರಷ್ಟೇ ವೈದ್ಯಕೀಯ ಪರೀಕ್ಷೆ. 14 ತುಂಬದವರು ಕಂಡರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ. ಮೇಸ್ತ್ರಿಯ ಎದುರಿಗೆ ಮಗುವನ್ನು ಮಾತಾಡಿಸಬೇಡಿ.