ಹಕ್ಕಿ ಬಂದಿದ್ದು ಬರೆಯುತ್ತೀರಿ, ಹೊರಟಿದ್ದನ್ನೂ ಬರೆಯಿರಿ

ಮಾನ್ಯರೇ,

ಪ್ರತಿ ವರ್ಷ ನವೆಂಬರ್ ಬಂತೆಂದರೆ ನಿಮ್ಮ ಜಿಲ್ಲಾ ಪುಟದಲ್ಲಿ ಒಂದು ಚಿತ್ರ ಇದ್ದೇ ಇರುತ್ತದೆ. ಕೆರೆ, ಅದರ ಮೇಲೆ ಹಾರುವ ಬಾತುಗಳ ಸಾಲು, ಕೆಳಗೆ ವಲಸೆ ಹಕ್ಕಿಗಳು ಬಂದವು ಅನ್ನುವ ಸುದ್ದಿ. ನೋಡಿ ಖುಷಿಯಾಗುತ್ತದೆ. ಆದರೆ ಅವು ಯಾವಾಗ ವಾಪಸ್ ಹೋದವು ಅಂತ ಒಂದೇ ಒಂದು ಸಾಲು ಓದಿದ ನೆನಪು ನನಗಿಲ್ಲ. ಮನೆಗೆ ಬಂದ ನೆಂಟರನ್ನು ಬಾಗಿಲವರೆಗೆ ಬಂದು ಕಳಿಸುವುದು ನಮ್ಮ ಕಡೆಯ ರೂಢಿ ಅಲ್ವಾ? ಹಕ್ಕಿಗಳ ವಿಷಯದಲ್ಲಿ ಮಾತ್ರ ಯಾಕೆ ಹೀಗೆ?

ನಾನು ಸಾಗರ ತಾಲ್ಲೂಕಿನ ಶರಾವತಿ ಹಿನ್ನೀರಿನ ದಂಡೆಯವನು. ಅಡಿಕೆ ತೋಟ ಇದೆ. ತೋಟದ ಎದುರಿಗೆ, ನೀರಿನ ನಡುವೆ ಒಂದು ಸಣ್ಣ ದಿಬ್ಬ. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿಯುವ ಮೊದಲು ಅದು ಗುಡ್ಡವಾಗಿತ್ತು, ನನ್ನ ಅಜ್ಜ ದನ ಮೇಯಿಸುತ್ತಿದ್ದ ಗುಡ್ಡ. ಸುತ್ತಲಿನ ಗದ್ದೆ, ಮನೆ, ದಾರಿ ಎಲ್ಲ ಮುಳುಗಡೆಯಾಗಿ ನೆತ್ತಿ ಮಾತ್ರ ಉಳಿಯಿತು. ಈಗ ಅದನ್ನು ನಾವು ದ್ವೀಪ ಅನ್ನುತ್ತೇವೆ. ಜಲಾಶಯ ತುಂಬಿ ನೀರಿನ ಮಟ್ಟ 1819 ಅಡಿ ಹತ್ತಿರ ಬಂದಾಗ ಹತ್ತು ನಿಮಿಷದಲ್ಲಿ ಒಂದು ಸುತ್ತು ಹಾಕಬಹುದು. ಏಪ್ರಿಲ್ ಹೊತ್ತಿಗೆ ನೀರು ಇಳಿದು, ಕೆಂಪು ಮಣ್ಣಿನ ದಂಡೆ ಬಯಲಾಗಿ, ಹಳೇ ಮರಗಳ ಬೊಡ್ಡೆಗಳು ಒಂದೊಂದಾಗಿ ಎದ್ದು ಬಂದು, ಅದೇ ಸುತ್ತಿಗೆ ಮುಕ್ಕಾಲು ಗಂಟೆ ಬೇಕು.

ಆರು ವರ್ಷದಿಂದ ಫೆಬ್ರುವರಿ ಕೊನೆಯಿಂದ ಮೇ ಮಧ್ಯದವರೆಗೆ ಆದಷ್ಟು ದಿನ ಬೆಳಿಗ್ಗೆ ದೋಣಿಯಲ್ಲಿ ಅಲ್ಲಿಗೆ ಹೋಗುತ್ತೇನೆ. ಒಂದೇ ದಾರಿ, ಒಂದೇ ಹೊತ್ತು. ಕಂಡ ಹಕ್ಕಿ ಎಣಿಸಿ ಬರೆಯುತ್ತೇನೆ. ನಾನು ಪಕ್ಷಿತಜ್ಞ ಅಲ್ಲ. ಮಳೆ ಬಿದ್ದದ್ದನ್ನು ಇಂಚಿನ ಲೆಕ್ಕದಲ್ಲಿ ಬರೆದಿಡುವ ಅಭ್ಯಾಸ ನಮ್ಮ ಮನೆಯಲ್ಲಿ ಮೊದಲಿಂದ ಇತ್ತು, ಅದೇ ಪುಸ್ತಕದ ಹಿಂದಿನ ಹಾಳೆಗಳಲ್ಲಿ ಹಕ್ಕಿ ಸೇರಿತು, ಅಷ್ಟೇ.

ದ್ವೀಪವೇ ಯಾಕೆ ಅಂತ ಕೇಳಬಹುದು. ನಮ್ಮ ಹಿತ್ತಲ ಕಾಡಿನಲ್ಲಿ ಎಲೆ ಉಲಿಯಕ್ಕಿ ಅನ್ನುವ ಪುಟ್ಟ ವಲಸೆ ಹಕ್ಕಿ ಇವತ್ತು ಕಾಣಲಿಲ್ಲ ಅಂದರೆ ಅದು ಹಿಮಾಲಯದ ಕಡೆ ಹೊರಟಿತೋ, ಪಕ್ಕದ ಮತ್ತಿ ಮರಕ್ಕೆ ಹೋಯಿತೋ ಹೇಳಲು ಬರುವುದಿಲ್ಲ. ದಿಬ್ಬದ ನೆತ್ತಿಯಲ್ಲಿ ಇರುವುದು ನಾಲ್ಕಾರು ಮರ, ಒಂದಷ್ಟು ಲಂಟಾನ. ನಿನ್ನೆ ಸಂಜೆ ಅಲ್ಲಿ ಇಲ್ಲದ ಹಕ್ಕಿ ಬೆಳಿಗ್ಗೆ ಇದ್ದರೆ ರಾತ್ರಿ ಬಂದು ಇಳಿದಿದೆ ಅಂತ ಅರ್ಥ. ನಾಳೆ ಬೆಳಿಗ್ಗೆ ಇಲ್ಲದಿದ್ದರೆ ಎದ್ದು ಹೋಗಿದೆ. ಸಣ್ಣ ಹಕ್ಕಿಗಳು ಹೆಚ್ಚಾಗಿ ರಾತ್ರಿಯೇ ಪ್ರಯಾಣ ಮಾಡುತ್ತವೆ. ಹಾರುವುದು ನಮ್ಮ ಕಣ್ಣಿಗೆ ಬೀಳುವುದಿಲ್ಲ, ಆದರೆ ಚಿಕ್ಕ ಜಾಗ ಆದ್ದರಿಂದ ಬಂದದ್ದು ಹೋದದ್ದು ಲೆಕ್ಕಕ್ಕೆ ಸಿಗುತ್ತದೆ.

ಮೊದಲ ವರ್ಷ ನಾನೊಂದು ತಪ್ಪು ಮಾಡಿದೆ. ಬೂದು ಸಿಪಿಲೆ ಗೊತ್ತಲ್ಲ, ಹಳ್ಳದ ಕಲ್ಲಿನ ಮೇಲೆ ಬಾಲ ಕುಣಿಸುತ್ತಾ ಓಡಾಡುವ, ಹೊಟ್ಟೆ ಹಳದಿ ಇರುವ ಹಕ್ಕಿ, ಹಳಬರು ಕುಂಡೆಕುಸ್ಕ ಅನ್ನುತ್ತಿದ್ದರು. ಮಾರ್ಚ್ ಕೊನೆಗೆ ಮೂರು ದಿನ ಸತತ ಕಾಣಲಿಲ್ಲ. ‘ಸಿಪಿಲೆ ಹೋಯಿತು’ ಅಂತ ಬರೆದು, ಆ ಕಡೆ ಗಮನ ಕೊಡುವುದನ್ನೇ ಬಿಟ್ಟೆ. ಹದಿನೈದು ದಿನ ಕಳೆದ ಮೇಲೆ ಮೀನು ಹಿಡಿಯುವ ಗೆಳೆಯರೊಬ್ಬರು, ‘ನಿಮ್ಮ ಹಕ್ಕಿ ಇನ್ನೂ ಅಲ್ಲೇ ಉಂಟಲ್ಲ ಮಾರಾಯ್ರೇ, ಕತ್ತು ಕಪ್ಪು ಮಾಡಿಕೊಂಡು ಕೂತಿದೆ’ ಅಂದರು. ಹೌದು, ಗಂಡು ಸಿಪಿಲೆಗೆ ಹೊರಡುವ ಹೊತ್ತಿಗೆ ಗಂಟಲು ಕಪ್ಪಾಗುತ್ತದೆ, ಮರಿ ಮಾಡುವ ಕಾಲದ ಬಣ್ಣ ಅದು. ನಾನು ನೋಡಬೇಕಾಗಿದ್ದೇ ಅದನ್ನು. ಬರೆಯುವುದನ್ನು ನಿಲ್ಲಿಸಿದ್ದರಿಂದ ಆ ವರ್ಷದ ಸಿಪಿಲೆ ಯಾವತ್ತು ಹೋಯಿತು ಅಂತ ನನ್ನ ಪುಸ್ತಕದಲ್ಲಿ ಇಲ್ಲ. ಇನ್ನು ಬರುವುದೂ ಇಲ್ಲ.

ಬರುವ ಹಕ್ಕಿ ಬರೆಯುವುದು ಸುಲಭ, ಕಂಡ ಕೂಡಲೇ ಗೊತ್ತಾಗುತ್ತದೆ. ಕೊನೆಯ ಸಲ ನೋಡುವಾಗ ಮಾತ್ರ ಇದು ಕೊನೆ ಅಂತ ಯಾರಿಗೂ ಗೊತ್ತಿರುವುದಿಲ್ಲ. ಆಮೇಲೆ ಎಷ್ಟೋ ದಿನ ‘ಇವತ್ತು ಹೋಗಿದ್ದೆ, ಹುಡುಕಿದೆ, ಇಲ್ಲ’ ಅಂತ ಬರೆದ ಮೇಲಷ್ಟೇ ಹಿಂದೆ ತಿರುಗಿ ನೋಡಿ, ಓ ಅವತ್ತೇ ಕೊನೆ, ಅಂತ ಹೇಳಲು ಆಗುವುದು. ಹಾಗಾಗಿ ಸೊನ್ನೆ ಹಾಕುವುದೇ ಇದರಲ್ಲಿ ಮುಖ್ಯ ಕೆಲಸ. ಹೋಗದ ದಿನಕ್ಕೆ ಸೊನ್ನೆ ಹಾಕಬಾರದು, ‘ಹೋಗಲಿಲ್ಲ’ ಅಂತಲೇ ಬರೆಯಬೇಕು. ಎರಡೂ ಬೇರೆ ಬೇರೆ.

ಸ್ಕಾಟ್ಲೆಂಡಿನ ಉತ್ತರದ ಸಮುದ್ರದಲ್ಲಿ ಫೇರ್ ಐಲ್ ಅಂತ ಒಂದು ಪುಟ್ಟ ದ್ವೀಪ ಇದೆ. ಉದ್ದ ಐದು ಕಿಲೋಮೀಟರ್ ಒಳಗೆ. ಅಲ್ಲಿ 1948ರಲ್ಲಿ ಹಕ್ಕಿ ವಲಸೆ ನೋಡುವ ಕೇಂದ್ರ ಶುರುವಾಯಿತು. ದಿನವೂ ಗೊತ್ತಾದ ದಾರಿಗಳಲ್ಲಿ ನಡೆದು ಎಣಿಸುತ್ತಾರೆ, ಸಂಜೆ ಎಲ್ಲರೂ ಸೇರಿ ಒಂದೊಂದೇ ಹಕ್ಕಿಯ ಹೆಸರು ಕೂಗುತ್ತಾರೆ, ಯಾರು ಎಷ್ಟು ಕಂಡರು ಅಂತ ಪುಸ್ತಕಕ್ಕೆ ಹೋಗುತ್ತದೆ. 2019ರ ಮಾರ್ಚ್‌ನಲ್ಲಿ ಆ ಕೇಂದ್ರದ ಕಟ್ಟಡ ಬೆಂಕಿಗೆ ಸಿಕ್ಕಿ ನಾಶವಾಯಿತು. ಆದರೆ ದಾಖಲೆಗಳನ್ನು ಮೊದಲೇ ಕಂಪ್ಯೂಟರ್‌ಗೆ ಹಾಕಿಟ್ಟಿದ್ದರಿಂದ ಅವು ಉಳಿದವು. ಇದನ್ನು ಓದಿದ ದಿನವೇ ನಾನು ನನ್ನ ಪುಸ್ತಕದ ಹಾಳೆಗಳ ಫೋಟೋ ತೆಗೆದು ಮಗಳಿಗೆ ಕಳಿಸಿದೆ. ಅಲ್ಲಿಯವರಿಗೆ ವಸಂತ ಅಂದರೆ ಹಕ್ಕಿಗಳು ದಕ್ಷಿಣದಿಂದ ಬರುವ ಕಾಲ, ನಮಗೆ ಹೊರಡುವ ಕಾಲ. ಚಳಿಗಾಲ ಪೂರ್ತಿ ನಮ್ಮ ತಂತಿಯ ಮೇಲೆ ಕೂತಿರುವ ಕವಲುತೋಕೆಯ ಜಾತಿಯೇ ಅಲ್ಲಿಯೂ ವಸಂತದಲ್ಲಿ ಬಂದು ಇಳಿಯುತ್ತದೆ.

ಹಾಗಂತ ಇದೆಲ್ಲ ಹೊರಗಿನವರ ಕೆಲಸ, ನಮಗೇನು ಅನ್ನಬೇಡಿ. ಹಕ್ಕಿ ವಲಸೆಯ ಅಧ್ಯಯನಕ್ಕೂ ನಮ್ಮ ಜಿಲ್ಲೆಗೂ ಹಳೇ ನಂಟಿದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸತ್ತು ಬಿದ್ದವು, ಜನರಿಗೂ ಜ್ವರ ಬಂತು. ಅದೇ ಮಂಗನ ಕಾಯಿಲೆ. ವೈರಸ್ಸು ರಷ್ಯಾದ ಕಡೆಯ ಒಂದು ಉಣುಗಿನ ಜ್ವರದ ವೈರಸ್ಸಿಗೆ ಹತ್ತಿರದ್ದು ಅಂತ ಕಂಡಾಗ, ಉತ್ತರದಿಂದ ಬರುವ ಹಕ್ಕಿಗಳ ಮೈಮೇಲಿನ ಉಣುಗಿನ ಜೊತೆ ಇದು ಬಂತೇ ಅನ್ನುವ ಅನುಮಾನ ಎದ್ದಿತು. ಅದನ್ನು ಹುಡುಕಲು ವಿಶ್ವ ಆರೋಗ್ಯ ಸಂಸ್ಥೆಯ ನೆರವು ಪಡೆದು, ಪಕ್ಷಿತಜ್ಞ ಸಲೀಂ ಅಲಿ ಅವರ ಮುಂದಾಳತ್ವದಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿ ದೇಶದ ಬೇರೆ ಬೇರೆ ಕಡೆ ಹಕ್ಕಿ ಹಿಡಿದು, ಕಾಲಿಗೆ ಉಂಗುರ ಹಾಕಿ ಬಿಡುವ ಕೆಲಸವನ್ನು ದೊಡ್ಡದಾಗಿ ಕೈಗೆತ್ತಿಕೊಂಡಿತು. ಹಕ್ಕಿಗಳೇ ಕಾಯಿಲೆ ತಂದವು ಅಂತ ಸಾಬೀತಾಗಲಿಲ್ಲ. ಆದರೆ ನಮ್ಮ ಕಾಡಿನ ಆ ಜ್ವರದಿಂದಾಗಿ ದೇಶದ ಹಕ್ಕಿಗಳ ಓಡಾಟದ ಬಗ್ಗೆ ಎಷ್ಟೋ ವಿಷಯ ತಿಳಿಯಿತು. ಶಾಲೆಯ ಮಕ್ಕಳಿಗೆ ಇದನ್ನು ಯಾರೂ ಹೇಳುವುದಿಲ್ಲ, ನನಗೆ ಬೇಜಾರು ಅದೇ.

(ಅರಳಗೋಡು ಭಾಗದಲ್ಲಿ ಈ ಕಾಯಿಲೆ ಏನು ಮಾಡಿತು ಅಂತ ನಮ್ಮವರಿಗೆ ಹೇಳಬೇಕಾಗಿಲ್ಲ. ಹಕ್ಕಿ ಹೊರಡುವ ತಿಂಗಳುಗಳೇ ಉಣುಗಿನ ತಿಂಗಳುಗಳು. ಕಾಡಂಚಿಗೆ ಹೋಗುವವರು ಉಣುಗು ಹತ್ತದಂತೆ ತಡೆಯುವ ಡೆಪಾ ತೈಲ ಹಚ್ಚಿಕೊಂಡು, ಮೈತುಂಬ ಬಟ್ಟೆ ಹಾಕಿಕೊಂಡೇ ಹೋಗಿ. ಬಂದ ಮೇಲೆ ಬಿಸಿನೀರು ಸ್ನಾನ.)

ಈ ಲೆಕ್ಕ ಯಾಕೆ ಬೇಕು? ದೇಶದ ಸುಮಾರು 30,000 ಹಕ್ಕಿ ನೋಡುವವರು ಕೊಟ್ಟ ಮಾಹಿತಿಯಿಂದ 2023ರಲ್ಲಿ ಭಾರತದ ಹಕ್ಕಿಗಳ ಸ್ಥಿತಿಗತಿಯ ವರದಿ ಬಂತು. 942 ಜಾತಿಗಳನ್ನು ನೋಡಿದ್ದಾರೆ. ದೂರದಿಂದ ವಲಸೆ ಬರುವ ಹಕ್ಕಿಗಳು ಇಲ್ಲೇ ಇರುವ ಹಕ್ಕಿಗಳಿಗಿಂತ ಜಾಸ್ತಿ ಕಮ್ಮಿಯಾಗಿವೆ ಅಂತ ಅದರಲ್ಲಿದೆ. ಇಂಥ ವರದಿ ಬರುವುದು ಸಾಮಾನ್ಯ ಜನ ಬರೆದ ಪಟ್ಟಿಗಳಿಂದಲೇ. ಕಂಡ ಹಕ್ಕಿಗಳ ಪಟ್ಟಿ ಕಳಿಸಲು ಇ-ಬರ್ಡ್ ಆ್ಯಪ್ ಇದೆ, ನೆಟ್‌ವರ್ಕ್ ಇಲ್ಲದ ಕಡೆಯೂ ಬರೆದಿಟ್ಟುಕೊಂಡು ಆಮೇಲೆ ಕಳಿಸಬಹುದು. ನಮ್ಮ ಹಿನ್ನೀರಿನ ಕಡೆಯವರಿಗೆ ಅದು ದೊಡ್ಡ ಉಪಕಾರ. ಆ್ಯಪ್ ಬೇಡ ಅನ್ನುವವರಿಗೆ ನೂರು ಪುಟದ ನೋಟ್‌ಬುಕ್ ಸಾಕು.

ಇನ್ನೊಂದು ವಿಷಯ ಹೇಳಲೇಬೇಕು. ಇದೇ ತಿಂಗಳುಗಳಲ್ಲಿ ಮೀನು ಹಿಡಿಯುವ ನೀರುಹಕ್ಕಿ ಹೊಳೆ ರೀವ ಮತ್ತು ಟಿಟ್ಟಿಭ ತೆರೆದ ದಿಬ್ಬದ ಬರೀ ನೆಲದ ಮೇಲೆ ಮೊಟ್ಟೆ ಇಡುತ್ತವೆ. ಭದ್ರಾ ಹಿನ್ನೀರಿನ ಲಕ್ಕವಳ್ಳಿ ಕಡೆಯ ದಿಬ್ಬಗಳಲ್ಲಿ ರೀವಗಳ ದೊಡ್ಡ ಬಿಡಾರವೇ ಇದೆ. ಮೊಟ್ಟೆ ಕಲ್ಲಿನ ಬಣ್ಣದ್ದು, ಕಾಲಡಿ ಬಿದ್ದರೂ ಗೊತ್ತಾಗದು. ತಾಯಿ ಎದ್ದು ಹೋಗಿ ಸ್ವಲ್ಪ ಹೊತ್ತು ಬಿಸಿಲು ಬಿದ್ದರೆ ಮೊಟ್ಟೆ ಹಾಳು. ಹೋದ ವರ್ಷ ಏಪ್ರಿಲ್‌ನಲ್ಲಿ ಹೊರಗಿನಿಂದ ಬಂದ ಒಂದು ಗುಂಪು ನಮ್ಮ ದಿಬ್ಬದ ಮೇಲೆ ಟೆಂಟ್ ಹಾಕಿ, ರಾತ್ರಿಯೆಲ್ಲ ಹಾಡು ಹಾಕಿ, ಬೆಳಿಗ್ಗೆ ಡ್ರೋನ್ ಹಾರಿಸಿತು. ಅವರಿಗೆ ಕೆಟ್ಟ ಉದ್ದೇಶ ಇರಲಿಲ್ಲ, ಗೊತ್ತೇ ಇರಲಿಲ್ಲ. ಮೂರನೇ ದಿನ ನಾನು ಹೋದಾಗ ಒಂದು ರೀವವೂ ಇರಲಿಲ್ಲ. ಅವತ್ತಿನ ಸೊನ್ನೆ ಬರೆಯಲು ತುಂಬಾ ಕಷ್ಟವಾಯಿತು. ಅಂದಿನಿಂದ ರೀವ ಕೂತಿರುವ ಮಗ್ಗುಲಿಗೆ ನಾನೂ ಇಳಿಯುವುದಿಲ್ಲ, ದೋಣಿಯಲ್ಲೇ ದೂರ ನಿಂತು ಬೈನಾಕ್ಯುಲರ್‌ನಲ್ಲಿ ಎಣಿಸುತ್ತೇನೆ. ಲೆಕ್ಕಕ್ಕಾಗಿ ಗೂಡು ಕೆಡಿಸಬಾರದು. ಹಿನ್ನೀರಿಗೆ ಸೇತುವೆ ಆದ ಮೇಲೆ ಈ ಕಡೆ ಬರುವವರು ಜಾಸ್ತಿಯಾಗಿದ್ದಾರೆ. ಬರಲಿ. ಮಾರ್ಚ್‌ನಿಂದ ಮೇ ತನಕ ಬರಿ ನೆಲದ ದಿಬ್ಬಗಳಿಗೆ ಇಳಿಯದಿದ್ದರೆ ಸಾಕು.

ಸಂಪಾದಕರೇ, ಈಗ ನನ್ನ ಕೋರಿಕೆ. ನೀವು ದಿನವೂ ಲಿಂಗನಮಕ್ಕಿ, ಭದ್ರಾ, ತುಂಗಾ ಜಲಾಶಯದ ಮಟ್ಟ ಹಾಕುತ್ತೀರಿ. ನಾವು ಬೆಳಿಗ್ಗೆ ಮೊದಲು ನೋಡುವುದು ಅದನ್ನೇ. ಮಾರ್ಚ್, ಏಪ್ರಿಲ್, ಮೇ ಮೂರು ತಿಂಗಳು ಅದರ ಪಕ್ಕದಲ್ಲೇ ಎರಡು ಸಾಲು ಜಾಗ ಹಕ್ಕಿಗಳಿಗೆ ಕೊಡಿ. ಯಾವ ಊರು, ಯಾವ ಹಕ್ಕಿ, ಎಷ್ಟು, ಅಥವಾ ‘ಇಲ್ಲ’. ಲಾಂಚ್‌ನಲ್ಲಿ ಕೆಲಸ ಮಾಡುವವರು, ಮೀನಿನವರು, ಮಂಡಗದ್ದೆಯ ಹೊಳೆ ದಂಡೆಯವರು, ಶಾಲೆ ಮಕ್ಕಳು ಬರೆದು ಕಳಿಸುತ್ತಾರೆ. ಮಂಡಗದ್ದೆಯ ತುಂಗಾ ನಡುಗಡ್ಡೆಗೆ ಮಳೆಗಾಲದಲ್ಲಿ ಬೆಳ್ಳಕ್ಕಿ, ನೀರುಕಾಗೆ ನೋಡಲು ಜನ ಸಾಲುಗಟ್ಟುತ್ತಾರೆ. ಬೇಸಿಗೆಯಲ್ಲಿ ಅಲ್ಲಿ ಏನಿರುತ್ತದೆ ಅಂತ ಸುಮ್ನೆ ಒಂದು ಸಲ ನೋಡಿ ಬರೆದರೂ ಒಳ್ಳೆಯದೇ. ರೇವತಿ ಮಳೆಗೆ ಇದ್ದ ಹಕ್ಕಿ ಅಶ್ವಿನಿ ಮಳೆಗೆ ಇತ್ತಾ, ಭರಣಿ ಹನಿದಾಗ ಇತ್ತಾ ಅಂತ ಹೇಳಿದರೆ ಮಲೆನಾಡಿನವರಿಗೆ ಕೂಡಲೇ ಅರ್ಥವಾಗುತ್ತದೆ.

ಒಪ್ಪುವುದಾದರೆ ಮೊದಲ ಸಾಲು ಇಲ್ಲೇ ಕಳಿಸುತ್ತಿದ್ದೇನೆ. ಮಾರ್ಚ್ 16, ಬೆಳಿಗ್ಗೆ 6.40ರಿಂದ 7.15, ಮೋಡ ಇಲ್ಲ, ಗಾಳಿ ಇಲ್ಲ. ಬೂದು ಸಿಪಿಲೆ 2, ಒಂದರ ಗಂಟಲು ಕಪ್ಪಾಗಲು ಶುರುವಾಗಿದೆ. ಗದ್ದೆಗೊರವ 3. ಕವಲುತೋಕೆ ಬೊಡ್ಡೆಗಳ ಮೇಲೆ 40ರ ಹತ್ತಿರ. ಎಲೆ ಉಲಿಯಕ್ಕಿ 1. ಹೊಳೆ ರೀವ 6. ನವರಂಗ ಇಲ್ಲ.

ಇತಿ,
ಹಿನ್ನೀರಿನ ಒಬ್ಬ ಓದುಗ
ಸಾಗರ ತಾಲ್ಲೂಕು