ಬಡಾವಣೆಗೊಬ್ಬ ಸದಸ್ಯ ಬೇಡವೇ?

ಮಾನ್ಯ ಸಂಪಾದಕರೇ,

ಅಮೆರಿಕದ ನ್ಯೂಜೆರ್ಸಿಯ ಎಡಿಸನ್ ಟೌನ್‌ಶಿಪ್‌ನಲ್ಲಿ ಭಾರತೀಯರು ಜಾಸ್ತಿ ಇದ್ದಾರೆ ಅನ್ನೋದು ನಮ್ಮವರಿಗೆಲ್ಲ ಗೊತ್ತು. ಆದರೆ ಅಲ್ಲಿನ ಆಡಳಿತದ ಬಗ್ಗೆ ನಾವು ಮಾತಾಡೋದೇ ಕಡಿಮೆ. 2020ರ ಜನಗಣತಿಯಲ್ಲೇ ಅಲ್ಲಿ ಒಂದು ಲಕ್ಷಕ್ಕೂ ಮೀರಿ ಜನ. ಮೇಯರ್ ಜೊತೆಗೆ 7 ಮಂದಿ ಕೌನ್ಸಿಲ್ ಸದಸ್ಯರಿದ್ದಾರೆ, ಅವರೆಲ್ಲರನ್ನೂ ಇಡೀ ಊರು ಸೇರಿ ಆರಿಸುತ್ತದೆ. ವಾರ್ಡ್ ಇಲ್ಲ. ಮೆನ್ಲೊ ಪಾರ್ಕ್, ಓಕ್ ಟ್ರೀ, ಕ್ಲಾರಾ ಬಾರ್ಟನ್ ಇವೆಲ್ಲ ಬರೀ ಬಡಾವಣೆಯ ಹೆಸರುಗಳು, ಅವಕ್ಕೆ ಸ್ವಂತ ಆಡಳಿತವಿಲ್ಲ. ಹೀಗಿರುವಾಗ ಒಂದು ಬೀದಿಯ ಫುಟ್‌ಪಾತ್ ಯಾರ ಹೊಣೆ? ವಾರ್ಡ್ ಪದ್ಧತಿಗೆ ರಾಜ್ಯದ ಕಾನೂನಿನಲ್ಲೇ ಅವಕಾಶ ಇದೆ, ಅದನ್ನು ತರಬೇಕು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ.

ಸಾರಿಗೆಯೂ ಅಷ್ಟೇ. ನ್ಯೂಯಾರ್ಕ್‌ಗೆ ಹೋಗುವ ರೈಲನ್ನು ಓಡಿಸೋದು ರಾಜ್ಯದ ಸಂಸ್ಥೆ, ಮೆಟ್ರೊಪಾರ್ಕ್ ನಿಲ್ದಾಣ ಇರೋದು ಪಕ್ಕದ ವುಡ್‌ಬ್ರಿಜ್ ಟೌನ್‌ಶಿಪ್‌ನಲ್ಲಿ. ರೈಲು ಟೌನ್‌ಶಿಪ್ ಕೈಯಲ್ಲಿಲ್ಲ ನಿಜ, ಆದರೆ ಮನೆಯಿಂದ ನಿಲ್ದಾಣಕ್ಕೆ ಸಣ್ಣ ಬಸ್, ನಡೆಯೋಕೆ ದಾರಿ, ಇವನ್ನಾದರೂ ಮಾಡಬಹುದು ಅಲ್ವಾ? ಕಾರು ಓಡಿಸಲಾಗದ ವಯಸ್ಸಾದ ತಂದೆತಾಯಿ ಸುಮ್ನೆ ಮನೆಯಲ್ಲೇ ಕೂರಬೇಕಾ? ಅಲ್ಲಿ ಮತದ ಹಕ್ಕಿರುವ ಕನ್ನಡಿಗರು ಮುಂದಿನ ಚುನಾವಣೆಯಲ್ಲಿ ಇದನ್ನೇ ಕೇಳಲಿ.

– ಒಬ್ಬ ಓದುಗ