ಎಣ್ಣೆ ಷೇರು ಕೊಳ್ಳುವ ಮೊದಲು ಇದನ್ನು ಓದಿ

ಎಲ್ಲರಿಗೂ ಶರಣು. ನಿನ್ನೆ ರಾತ್ರಿಯಿಂದ ಗುಂಪಿನಲ್ಲಿ ಒಂದೇ ಮಾತು: "ಕಚ್ಚಾ ತೈಲ ಏರಿದೆ, ಎಣ್ಣೆ ಷೇರು ತಗೊಳ್ಳೋಣ." ದಯವಿಟ್ಟು ಸ್ವಲ್ಪ ತಡೆಯಿರಿ.

ಕಲಬುರಗಿ ಗಂಜ್‌ನಲ್ಲಿ ತೊಗರಿ ಮಾರಿದವರಿಗೆ ಇದು ಹೊಸದಲ್ಲ. ಜನವರಿಯಲ್ಲಿ ಅಡತಿ ಅಂಗಡಿ ಮುಂದೆ ಕಾಲಿಡಲು ಜಾಗವಿಲ್ಲದಷ್ಟು ಚೀಲ ಬಂದರೆ ದರ ಇಳಿಯುತ್ತದೆ. ಮಾಲು ಕಡಿಮೆಯಾದರೆ ಏರುತ್ತದೆ. ತೈಲವೂ ಹಾಗೇ. 2020ರ ಏಪ್ರಿಲ್ 20ರಂದು, ಕೊರೊನಾ ಕಾಲದಲ್ಲಿ ಬೇಡಿಕೆ ಕುಸಿದು, ಅಮೆರಿಕದಲ್ಲಿ ತೈಲ ತುಂಬಿಡಲು ಜಾಗ ಸಿಗದೆ, ಫ್ಯೂಚರ್ಸ್ ದರ (ಮುಂದೆ ಮಾಲು ಕೊಡುವ ಒಪ್ಪಂದದ ದರ) ಬ್ಯಾರೆಲ್‌ಗೆ ಮೈನಸ್ 37 ಡಾಲರ್‌ಗೆ ಇಳಿಯಿತು, ಅಂದರೆ ಮಾರುವವರೇ ಕೈಯಿಂದ ಹಣ ಕೊಟ್ಟು ಮಾಲು ಸಾಗಹಾಕಬೇಕಾಯಿತು. 2022ರ ಮಾರ್ಚ್‌ನಲ್ಲಿ ಉಕ್ರೇನ್ ಯುದ್ಧದಿಂದ ಪೂರೈಕೆ ನಿಲ್ಲುವ ಭಯಕ್ಕೆ ಬ್ರೆಂಟ್ (ಜಗತ್ತಿನ ಮಾರುಕಟ್ಟೆ ಅಳತೆಗೋಲಾಗಿ ನೋಡುವ ಕಚ್ಚಾ ತೈಲ) ಬ್ಯಾರೆಲ್‌ಗೆ 130 ಡಾಲರ್ ದಾಟಿತು.

ಆದರೆ ಎಲ್ಲ ಎಣ್ಣೆ ಷೇರೂ ಒಂದೇ ಅಲ್ಲ. ಇದನ್ನೇ ಜಾಸ್ತಿ ಜನ ಮರೆಯುತ್ತಾರೆ. ಓಎನ್‌ಜಿಸಿ, ಆಯಿಲ್ ಇಂಡಿಯಾ ನೆಲದಿಂದ ತೈಲ ತೆಗೆಯುತ್ತವೆ. ತೊಗರಿ ಬೆಳೆದ ರೈತನ ಹಾಗೆ, ದರ ಏರಿದರೆ ಅವಕ್ಕೆ ಲಾಭ. ಇಂಡಿಯನ್ ಆಯಿಲ್, ಬಿಪಿಸಿಎಲ್, ಎಚ್‌ಪಿಸಿಎಲ್ ಕಚ್ಚಾ ತೈಲ ಕೊಂಡು ಪೆಟ್ರೋಲ್, ಡೀಸೆಲ್ ಮಾಡಿ ಮಾರುತ್ತವೆ, ನಮ್ಮ ದಾಲ್ ಮಿಲ್ ಇದ್ದ ಹಾಗೆ. ಕಚ್ಚಾ ಮಾಲು ತುಟ್ಟಿಯಾಗಿ, ಬಂಕ್‌ನಲ್ಲಿ ಪೆಟ್ರೋಲ್ ದರ ಅಲ್ಲೇ ನಿಂತರೆ ಲಾಭ ಕರಗುತ್ತದೆ, ಅಲ್ವಾ?

ತೈಲ ತೆಗೆಯುವವರಿಗೂ ಸದಾ ಸುಗ್ಗಿಯಲ್ಲ. 2022ರ ಜುಲೈ 1ರಂದು ಕೇಂದ್ರ ಸರ್ಕಾರ ದೇಶದಲ್ಲಿ ತೆಗೆದ ಕಚ್ಚಾ ತೈಲದ ಮೇಲೆ ಹೆಚ್ಚುವರಿ ತೆರಿಗೆ ಹಾಕಿತು. ಓಎನ್‌ಜಿಸಿ ಷೇರು ಒಂದೇ ದಿನ ಶೇ. 10ಕ್ಕಿಂತ ಜಾಸ್ತಿ ಬಿತ್ತು.

ಹಾಗಾಗಿ ಸುಮ್ನೆ "ಎಣ್ಣೆ ಷೇರು" ಅನ್ನಬೇಡಿ. ಯಾವ ಕಂಪನಿ, ಅದು ಕಚ್ಚಾ ತೈಲ ಮಾರುತ್ತದೋ ಕೊಳ್ಳುತ್ತದೋ ಎಂದು ಬರೆಯಿರಿ. ರವಿವಾರ ಸಂಜೆ ಕೂತು ಒಂದೊಂದೇ ನೋಡೋಣ.